ಟಿಬಿಲಿಸಿಯಲ್ಲಿ ಕಂಡಕ್ಟರ್ ಇಲ್ಲ: ಹೊಸದಾಗಿ ಬಂದ ಕನ್ನಡಿಗರಿಗೆ ಬಸ್ಸು, ಮೆಟ್ರೋ ಪಾಠ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಎಂಬಿಬಿಎಸ್ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಮೊದಲ ಎರಡು ತಿಂಗಳು ಮಾಡುವ ತಪ್ಪು ಒಂದೇ. ತರಕಾರಿ ತರಲು ಹೋಗಬೇಕಾದರೂ ಬೋಲ್ಟ್ ಟ್ಯಾಕ್ಸಿ ಕರೆಯುತ್ತಾರೆ. ಯಾಕೆ ಅಂತ ಕೇಳಿದರೆ, "ಬೋರ್ಡ್ ಓದೋಕೆ ಬರಲ್ಲ, ಬಸ್ಸು ಎಲ್ಲಿಗೋ ಕರ್ಕೊಂಡು ಹೋದ್ರೆ?" ಅನ್ನುತ್ತಾರೆ. ನಾನೂ ಹಾಗೇ ಹೆದರಿದ್ದೆ. ಆಮೇಲೆ ತಿಂಗಳ ಲೆಕ್ಕ ಹಾಕಿದಾಗ ಟ್ಯಾಕ್ಸಿಗೆ ಹೋದ ದುಡ್ಡು ಕಂಡು ಹೊಟ್ಟೆ ಉರಿಯಿತು. ಇಲ್ಲಿಯ ದುಡ್ಡಿನ ಹೆಸರು ಲಾರಿ. ಒಂದು ಲಾರಿ ಕೊಟ್ಟರೆ, ಅಂದರೆ ನಮ್ಮ ಮೂವತ್ತು ರೂಪಾಯಿ ಆಸುಪಾಸು, ಊರಿನ ಈ ತುದಿಯಿಂದ ಆ ತುದಿಗೆ ಹೋಗಬಹುದು.

ಮೊದಲು ಊರಿನ ಆಕಾರ ತಲೆಗೆ ಹಾಕಿಕೊಳ್ಳಿ. ಟಿಬಿಲಿಸಿ ಬೆಂಗಳೂರಿನ ಹಾಗೆ ನಾಲ್ಕು ದಿಕ್ಕಿಗೂ ಹರಡಿಕೊಂಡ ಊರಲ್ಲ. ಎರಡೂ ಕಡೆ ಗುಡ್ಡ, ನಡುವೆ ಮ್ಟ್ಕ್ವರಿ ನದಿ. ನದಿಯ ಉದ್ದಕ್ಕೂ ಊರು ಹಾವಿನ ಹಾಗೆ ಮಲಗಿದೆ. ಜನಸಂಖ್ಯೆ ಹನ್ನೆರಡು ಲಕ್ಷದ ಆಸುಪಾಸು ಅಷ್ಟೇ. ಆದರೂ ಇಲ್ಲಿ ಮೆಟ್ರೋ ಓಡಲು ಶುರುವಾದದ್ದು 1966ರ ಜನವರಿ 11ರಂದು. ಸೋವಿಯತ್ ಒಕ್ಕೂಟದಲ್ಲಿ ಮಾಸ್ಕೋ, ಲೆನಿನ್‌ಗ್ರಾಡ್, ಕೀವ್ ಆದಮೇಲೆ ನಾಲ್ಕನೆಯದು. ನಮ್ಮ ಮೆಟ್ರೋ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಹೊರಟಿದ್ದು 2011ರಲ್ಲಿ, ಅಲ್ವಾ? ಅಷ್ಟು ಹೊತ್ತಿಗೆ ಇಲ್ಲಿಯದಕ್ಕೆ ನಲವತ್ತೈದು ವರ್ಷ.

ಮಾರ್ಗ ಎರಡೇ. ಒಂದು ಅಖ್ಮೆತೇಲಿ ಥಿಯೇಟರ್‌ನಿಂದ ವರ್ಕೆತಿಲಿವರೆಗೆ, ನದಿಯ ಜೊತೆಜೊತೆಗೆ ಹೋಗುವ ಉದ್ದನೆಯದು. ಇದರಲ್ಲಿ ಹದಿನಾರು ನಿಲ್ದಾಣ. ಇನ್ನೊಂದು ಸಬುರ್ತಲೋ ಕಡೆಗೆ ಹೋಗುವುದು, ಏಳು ನಿಲ್ದಾಣ. ಇಂಡಿಯಾದ ವಿದ್ಯಾರ್ಥಿಗಳು ಜಾಸ್ತಿ ಇರುವುದು ಈ ಎರಡನೆಯದರ ಅಕ್ಕಪಕ್ಕ. ಎರಡೂ ಸೇರುವುದು ಸದ್ಗುರಿಸ್ ಮೊಎದಾನಿ, ಅಂದರೆ ಸ್ಟೇಷನ್ ಚೌಕದಲ್ಲಿ. ರೈಲ್ವೆ ಸ್ಟೇಷನ್ ಕೂಡ ಅಲ್ಲೇ, ಬಜಾರೂ ಅಲ್ಲೇ, ನೂಕುನುಗ್ಗಲೂ ಅಲ್ಲೇ. ಇದನ್ನು ಇಲ್ಲಿಯ ಮೆಜೆಸ್ಟಿಕ್ ಅಂದುಕೊಳ್ಳಿ, ಆಮೇಲೆ ಮರೆಯುವುದಿಲ್ಲ.

ಹೆಸರಿನಲ್ಲಿ ಒಂದು ಗುಂಡಿ ಇದೆ, ಪ್ರತಿ ವರ್ಷ ಹೊಸಬರು ಅದರಲ್ಲಿ ಬೀಳುತ್ತಾರೆ. ಮೆಡಿಕಲ್ ಯೂನಿವರ್ಸಿಟಿಯ ವಿಳಾಸ "ವಾಝಾ ಪ್ಷವೇಲಾ ಅವೆನ್ಯೂ" ಅಂತ ಇರುತ್ತದೆ. ಮೆಟ್ರೋ ನಕ್ಷೆಯಲ್ಲೂ "ವಾಝಾ ಪ್ಷವೇಲಾ" ಅನ್ನುವ ನಿಲ್ದಾಣ ಇದೆ. ಸರಿ, ಅಲ್ಲೇ ಇಳಿದುಬಿಡುತ್ತಾರೆ. ಆದರೆ ಆ ರಸ್ತೆ ಉದ್ದಕ್ಕೆ ಹೋಗುತ್ತದೆ, ನಿಲ್ದಾಣ ಇರುವುದು ಆಚೆ ಕಡೆ. ನೀವು ಇಳಿಯಬೇಕಾದದ್ದು ಅದಕ್ಕೂ ಎರಡು ನಿಲ್ದಾಣ ಮುಂಚೆ, "ಸಮೆದಿತ್ಸಿನೋ ಉನಿವೆರ್ಸಿತೆತಿ"ಯಲ್ಲಿ. ಅದರ ಹಿಂದಿನದು "ತೆಕ್ನಿಕುರಿ ಉನಿವೆರ್ಸಿತೆತಿ", ಕೊನೆಯದು "ಸಖೆಲ್ಮ್‌ತ್ಸಿಪೊ ಉನಿವೆರ್ಸಿತೆತಿ". ಒಂದೇ ಮಾರ್ಗದಲ್ಲಿ ಮೂರು ಉನಿವೆರ್ಸಿತೆತಿ! ಮೊದಲ ಪದ ಸರಿಯಾಗಿ ಕೇಳಿಸಿಕೊಂಡು ಇಳಿಯಿರಿ. ನಾನು ಮೊದಲ ವಾರ ಕೊನೆಯ ನಿಲ್ದಾಣದವರೆಗೂ ಹೋಗಿ, ಚಳಿಯಲ್ಲಿ ನಿಂತು, ಇಲ್ಲಿ ಆಸ್ಪತ್ರೆಯೂ ಇಲ್ಲ ಕಾಲೇಜೂ ಇಲ್ಲವಲ್ಲ ಅಂತ ಸುತ್ತ ನೋಡಿದವರ ಪೈಕಿ.

ಈಗ ದುಡ್ಡಿನ ವಿಷಯ. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಚೀಟಿ ಇಲ್ಲ, ಚಿಲ್ಲರೆ ಜಗಳ ಇಲ್ಲ. ಎಲ್ಲಕ್ಕೂ ಒಂದೇ ಸಾರಿಗೆ ಕಾರ್ಡ್. ಹಳಬರು ಇದನ್ನು ಈಗಲೂ ಮೆಟ್ರೋಮನಿ ಅಂತಲೇ ಕರೆಯುತ್ತಾರೆ. ಮೆಟ್ರೋ ನಿಲ್ದಾಣದ ಕೌಂಟರಿನಲ್ಲಿ ಸಿಗುತ್ತದೆ. ಕಾರ್ಡಿನ ಬೆಲೆ ಬೇರೆ, ಒಳಗೆ ತುಂಬಿಸುವ ದುಡ್ಡು ಬೇರೆ, ಅದನ್ನು ನೆನಪಿಟ್ಟುಕೊಂಡು ನೋಟು ಕೊಡಿ. ಆಮೇಲೆ ತುಂಬಿಸಲು ಕೌಂಟರಿಗೇ ಹೋಗಬೇಕೆಂದಿಲ್ಲ, ರಸ್ತೆ ಬದಿಯಲ್ಲಿ ಎಟಿಎಂ ತರಹದ ಪಾವತಿ ಯಂತ್ರಗಳು ಬೇಕಾದಷ್ಟಿವೆ. ಭಾಷೆ ಇಂಗ್ಲಿಷಿಗೆ ಬದಲಿಸಿಕೊಂಡು ನೋಟು ಹಾಕಿದರಾಯಿತು. ಅದು ಚಿಲ್ಲರೆ ವಾಪಸ್ ಕೊಡುವುದಿಲ್ಲ, ಹಾಗಾಗಿ ಇಪ್ಪತ್ತರ ನೋಟು ಹಾಕಿ ಹತ್ತು ಬರುತ್ತದೆ ಅಂತ ಕಾಯಬೇಡಿ.

2022ರ ಫೆಬ್ರವರಿಯಲ್ಲಿ ಬಂದ ವ್ಯವಸ್ಥೆ ಹೀಗಿದೆ. ಒಂದು ಸಲ ಕಾರ್ಡ್ ಮುಟ್ಟಿಸಿದರೆ ಒಂದು ಲಾರಿ. ಅಲ್ಲಿಂದ ತೊಂಬತ್ತು ನಿಮಿಷ ಮೆಟ್ರೋ, ಬಸ್ಸು, ಮಿನಿಬಸ್ಸು ಯಾವುದಕ್ಕೆ ಬದಲಾಯಿಸಿದರೂ ಮತ್ತೆ ದುಡ್ಡು ಹೋಗುವುದಿಲ್ಲ. ಆದರೆ ಪ್ರತಿ ಸಲ ಹತ್ತಿದಾಗಲೂ ಅದೇ ಕಾರ್ಡ್ ಮುಟ್ಟಿಸಲೇಬೇಕು. "ಹೇಗಿದ್ರೂ ಫ್ರೀ ಅಲ್ವಾ" ಅಂತ ಸುಮ್ನೆ ಕೂತರೆ ತಪಾಸಣೆಯವರು ಬಂದಾಗ ನೀವು ಟಿಕೆಟ್ ಇಲ್ಲದವರೇ. ನನ್ನ ಜೊತೆಗಿದ್ದ ಹಾಸನದ ಹುಡುಗನೊಬ್ಬ ಹೀಗೇ ದಂಡ ಕಟ್ಟಿದ. ಯಂತ್ರ ಬೀಪ್ ಅಂದಿದ್ದು ಅವನಿಗೆ ಕೇಳಿಸಿತ್ತು, ಆದರೆ ಆ ಬೀಪ್ ಅವನ ಹಿಂದಿದ್ದವರದು. ನಿಮ್ಮ ಬೀಪ್ ನೀವೇ ಕಣ್ಣಾರೆ ನೋಡಿ, ಪರದೆಯಲ್ಲಿ ಬರುತ್ತದೆ.

ದಿನಾ ಕಾಲೇಜಿಗೆ ಹೋಗಿ ಬರುವವರಿಗೆ ಪಾಸ್ ಲಾಭ. ಆ ವರ್ಷ ನಿಗದಿ ಮಾಡಿದ ದರದಲ್ಲಿ ತಿಂಗಳಿಗೆ 40 ಲಾರಿ, ವರ್ಷಕ್ಕೆ 250 ಲಾರಿ. ಇಪ್ಪತ್ತೈದು ದಿನ, ದಿನಕ್ಕೆ ಎರಡು ಸಲ ಅಂದರೂ ಬಿಡಿಬಿಡಿಯಾಗಿ 50 ಲಾರಿ ಆಗುತ್ತದೆ. ವರ್ಷದ ಪಾಸಿನ ಲೆಕ್ಕ ನೀವೇ ಹಾಕಿ. ತಗೊಳ್ಳುವ ದಿನ ಕೌಂಟರಿನಲ್ಲಿ ಅವತ್ತಿನ ದರ ಕೇಳಿಕೊಳ್ಳಿ.

ಬ್ಯಾಂಕ್ ಕಾರ್ಡನ್ನೂ ಬಸ್ಸಿನ ಯಂತ್ರಕ್ಕೆ ಮುಟ್ಟಿಸಬಹುದು. ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತವೆ. ಆದರೆ ನಮ್ಮ ದೇಶದ ಕಾರ್ಡುಗಳಲ್ಲಿ ವಿದೇಶಿ ವಹಿವಾಟು, ಟ್ಯಾಪ್ ಮಾಡುವ ಸೌಲಭ್ಯ ಎರಡನ್ನೂ ಬ್ಯಾಂಕಿನ ಆ್ಯಪಿನಲ್ಲಿ ನಾವೇ ಆನ್ ಮಾಡಬೇಕು. ಇದನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೂತಿರುವಾಗಲೇ ಮಾಡಿಬಿಡಿ. ಇಲ್ಲಿಗೆ ಬಂದಮೇಲೆ ಊರಿನ ಸಿಮ್ಮಿಗೆ ಒಟಿಪಿ ಬರದೆ ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇಲ್ಲಿಯ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಬರಲು 337ನೇ ನಂಬರ್ ಬಸ್ಸಿದೆ. ಅದು ರುಸ್ತವೇಲಿ ರಸ್ತೆ ಮೇಲೆ ಹಾದು ಸ್ಟೇಷನ್ ಚೌಕಕ್ಕೆ ಬರುತ್ತದೆ. ಹೊರಗೆ ಬಂದ ಕೂಡಲೇ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಮುತ್ತಿಕೊಳ್ಳುವವರ ಕಡೆ ನೋಡದೆ ಮುಂದೆ ನಡೆಯಿರಿ. ಎರಡು ದೊಡ್ಡ ಸೂಟ್‌ಕೇಸ್ ಇದ್ದು ರಾತ್ರಿ ಮೂರು ಗಂಟೆಗೆ ಇಳಿದಿದ್ದರೆ ಮಾತ್ರ ಆ್ಯಪಿನಲ್ಲೇ ಕಾರು ಕರೆಯಿರಿ, ಅದರಲ್ಲಿ ಜಿಪುಣತನ ಬೇಡ.

ಮೆಟ್ರೋದಲ್ಲಿ ಒಳಗೆ ಹೋಗುವಾಗ ಮಾತ್ರ ಕಾರ್ಡ್, ಹೊರಗೆ ಬರುವಾಗ ಬೇಡ. ನಮ್ಮ ಮೆಟ್ರೋದಲ್ಲಿ ದೂರದ ಮೇಲೆ ದರ, ಇಲ್ಲಿ ಒಂದು ನಿಲ್ದಾಣವಾದರೂ ಹದಿನೈದಾದರೂ ಅಷ್ಟೇ. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೆರಡರವರೆಗೆ ಓಡುತ್ತದೆ. ಮೊದಲ ಸಲ ರುಸ್ತವೇಲಿ ನಿಲ್ದಾಣಕ್ಕೆ ಇಳಿಯುವಾಗ ಎದೆ ಸ್ವಲ್ಪ ಝಲ್ ಅನ್ನುತ್ತದೆ. ಸುಮಾರು ಅರವತ್ತು ಮೀಟರ್ ಆಳ. ಎಸ್ಕಲೇಟರ್ ಮೇಲೆ ನಿಂತರೆ ಕೆಳಗಿನ ತುದಿ ಕಾಣುವುದೇ ಇಲ್ಲ. ಅದು ಓಡುವುದೂ ನಮ್ಮ ಮಾಲ್‌ಗಳ ಎಸ್ಕಲೇಟರಿಗಿಂತ ಜೋರು. ಕಾಲಿಡುವಾಗ ಕೈಪಟ್ಟಿ ಹಿಡಿದುಕೊಳ್ಳಿ, ಬಲಕ್ಕೆ ನಿಲ್ಲಿ, ಎಡಭಾಗ ಅವಸರದವರಿಗೆ ಬಿಡಿ. ನಡುದಾರಿಯಲ್ಲಿ ಜನ ಪುಸ್ತಕ ಓದುತ್ತಾರೆ, ಜಗಳ ಆಡಿಕೊಂಡು ರಾಜಿಯೂ ಆಗುತ್ತಾರೆ, ಅಷ್ಟು ಹೊತ್ತು ಬೇಕು. ಹೆಚ್ಚಿನ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ, ಮಂಡಿನೋವು ಇದ್ದರೆ, ಬಸ್ಸೇ ವಾಸಿ.

ಗಾಡಿಗಳು ಸೋವಿಯತ್ ಕಾಲದ ಮಾದರಿಯವು, ಸುರಂಗದಲ್ಲಿ ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು. ಬಾಗಿಲು ಮುಚ್ಚುವ ಮುಂಚೆ "ಕರೇಬಿ ಇಕೇತೆಬಾ" ಅನ್ನುತ್ತಾರೆ, ಬಾಗಿಲು ಮುಚ್ಚುತ್ತಿದೆ ಅಂತ. ಆಮೇಲೆ "ಶೆಮ್ದೆಗಿ ಸದ್ಗುರಿ" ಅಂದರೆ ಮುಂದಿನ ನಿಲ್ದಾಣ. ಇಂಗ್ಲಿಷಿನಲ್ಲೂ ಹೇಳುತ್ತಾರೆ, ಬೋರ್ಡಿನಲ್ಲೂ ಇಂಗ್ಲಿಷ್ ಅಕ್ಷರ ಇದೆ. ಹಾಗಾಗಿ ಲಿಪಿಯ ಭಯ ಮೆಟ್ರೋದಲ್ಲಿ ಇಲ್ಲವೇ ಇಲ್ಲ. ಅಷ್ಟಕ್ಕೂ ಜಾರ್ಜಿಯಾದ ಲಿಪಿ ನಮ್ಮ ಕಣ್ಣಿಗೆ ಪರಕೀಯ ಅನ್ನಿಸುವುದಿಲ್ಲ. ಎಲ್ಲ ದುಂಡು ದುಂಡು, ದೂರದಿಂದ ನೋಡಿದರೆ ಯಾರೋ ಕನ್ನಡವನ್ನು ಅವಸರದಲ್ಲಿ ಬರೆದ ಹಾಗೆ. ಮೂವತ್ತಮೂರೇ ಅಕ್ಷರ, ಒತ್ತಕ್ಷರ ಇಲ್ಲ, ಬರೆದ ಹಾಗೇ ಓದುವುದು. ನಮಗೆ ಒಂದು ವಾರದ ಕೆಲಸ. ಕಲಿತುಬಿಡಿ, ಮುಂದೆ ಹೊರ ಊರಿಗೆ ಹೋಗುವಾಗ ಬೇಕಾಗುತ್ತದೆ.

ಬಸ್ಸಿಗೆ ಬರೋಣ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಇದು ಎಲ್ಲರಿಗೂ ಗೊತ್ತು, ಆದರೆ ಕಾಲಿಗೆ ಗೊತ್ತಿರುವುದಿಲ್ಲ. ನಾವು ಅಭ್ಯಾಸಬಲದಿಂದ ಎದುರುಗಡೆಯ ಸ್ಟಾಪಿನಲ್ಲಿ ನಿಂತು, ನಂಬರ್ ಸರಿ ಇದೆ ಅಂತ ಹತ್ತಿ, ಉಲ್ಟಾ ದಿಕ್ಕಿಗೆ ಹೋಗುತ್ತೇವೆ. ರಸ್ತೆ ದಾಟುವಾಗಲೂ ಮೊದಲು ಎಡಕ್ಕೆ ನೋಡಿ. ದೊಡ್ಡ ರಸ್ತೆಗಳಲ್ಲಿ ಮೇಲಿಂದ ದಾಟುವ ಸಾಹಸ ಬೇಡ, ಕೆಳಗಿನ ಸುರಂಗದಾರಿ ಬಳಸಿ. ಅಲ್ಲಿ ಕಾಲುಚೀಲ, ಹೂವು, ಮೊಬೈಲ್ ಕವರ್ ಎಲ್ಲ ಮಾರುವ ಅಂಗಡಿಗಳಿರುತ್ತವೆ, ಚಳಿಗಾಲದಲ್ಲಿ ಬೆಚ್ಚಗೂ ಇರುತ್ತದೆ.

ಸ್ಟಾಪುಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ಯಾವ ನಂಬರ್ ಎಷ್ಟು ನಿಮಿಷದಲ್ಲಿ ಬರುತ್ತದೆ ಅಂತ ತೋರಿಸುತ್ತದೆ. ಯಾವ ಬಾಗಿಲಿನಿಂದ ಬೇಕಾದರೂ ಹತ್ತಿ, ಕಾರ್ಡ್ ಮುಟ್ಟಿಸಿ, ಒಳಗೆ ಸರಿಯಿರಿ. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಯಾರಾದರೂ ಭುಜ ಮುಟ್ಟಿ "ಚಾದಿಖಾರ್ತ್?" ಅಂದರೆ ಗಾಬರಿ ಬೇಡ. "ಇಳೀತೀರಾ?" ಅಂತ ಕೇಳುತ್ತಿದ್ದಾರೆ. ಹೌದಾದರೆ "ಕಿ", ಇಲ್ಲವಾದರೆ "ಅರಾ" ಅಂದು ದಾರಿ ಬಿಡಿ. ಒಂದು ದಿನ ಹಿಂದಿನ ಸೀಟಿನ ಮಗು "ಮಾಮಾ, ಮಾಮಾ" ಅಂತ ಅಳುತ್ತಿತ್ತು. ನಾನು ಅಮ್ಮನನ್ನು ಹುಡುಕುತ್ತಿದೆ ಅಂದುಕೊಂಡೆ. ಇಲ್ಲಿ ಮಾಮಾ ಅಂದರೆ ಅಪ್ಪ, ಅಮ್ಮನಿಗೆ ದೇದಾ! ಸೋದರಮಾವ ಅಂದುಕೊಂಡಿದ್ದರೂ ತಪ್ಪೇ ಆಗುತ್ತಿತ್ತು.

ಸೀಟಿನ ವಿಷಯದಲ್ಲಿ ಹುಷಾರು. ವಯಸ್ಸಾದವರು ಹತ್ತಿದರೆ ಹುಡುಗರು ಎದ್ದು ನಿಲ್ಲಲೇಬೇಕು, ಇದಕ್ಕೆ ಬೋರ್ಡ್ ಬೇಕಾಗಿಲ್ಲ. ಇಯರ್‌ಫೋನ್ ಹಾಕಿಕೊಂಡು ಕಿಟಕಿ ಕಡೆ ನೋಡುತ್ತಾ ಕೂತರೆ ಬೆಬಿಯಾಗಳು, ಅಂದರೆ ಅಜ್ಜಿಯರು, ಸುಮ್ಮನೆ ಬಿಡುವವರಲ್ಲ. ಭಾಷೆ ಅರ್ಥವಾಗದಿದ್ದರೂ ಬೈಗುಳ ಅರ್ಥವಾಗುತ್ತದೆ. ಇನ್ನೊಂದು ನೋಟ ನೀವು ನೋಡಿಯೇ ನೋಡುತ್ತೀರಿ. ಬಸ್ಸು ಚರ್ಚಿನ ಮುಂದೆ ಹಾದಾಗ ಅರ್ಧ ಬಸ್ಸು ಒಟ್ಟಿಗೇ ಮೂರು ಸಲ ಶಿಲುಬೆ ಹಾಕಿಕೊಳ್ಳುತ್ತದೆ, ಎಷ್ಟೋ ಸಲ ಡ್ರೈವರ್ ಕೂಡ. ನಮ್ಮಲ್ಲಿ ಗುಡಿ ಕಂಡರೆ ಕೆನ್ನೆ ಮುಟ್ಟಿಕೊಳ್ಳುವುದಿಲ್ಲವೇ, ಹಾಗೇ.

ನೀಲಿ ಬಣ್ಣದ ಮಿನಿಬಸ್ಸುಗಳಿಗೂ ಅದೇ ಕಾರ್ಡ್. ರಿಕೆ ಪಾರ್ಕಿನಿಂದ ನರಿಕಲಾ ಕೋಟೆಗೆ ಹೋಗುವ ರೋಪ್‌ವೇ ತೂಗುಗಾಡಿಗೂ ಆಗುತ್ತದೆ, ಆದರೆ ಅದರ ದರ ಬೇರೆ, ಜಾಸ್ತಿ. ಮ್ಟತ್ಸ್‌ಮಿಂಡಾ ಗುಡ್ಡಕ್ಕೆ ಹತ್ತುವ 1905ರ ಹಳೆಯ ಫ್ಯುನಿಕ್ಯುಲರ್ ರೈಲಿಗೆ ಅವರದೇ ಬೇರೆ ಕಾರ್ಡ್. ಟ್ರಾಮು, ಟ್ರಾಲಿಬಸ್ಸು ಎಲ್ಲಿ ಅಂತ ಹುಡುಕಬೇಡಿ, ಎರಡನ್ನೂ 2006ರಲ್ಲೇ ನಿಲ್ಲಿಸಿದ್ದಾರೆ.

ಊರು ಬಿಟ್ಟು ಹೊರಗೆ ಹೋಗಬೇಕಾದರೆ ಲೋಕವೇ ಬೇರೆ. ಅಲ್ಲಿ ಮಾರ್ಶ್ರುತ್ಕಾ ರಾಜ. ನಮ್ಮ ಟೆಂಪೋ ಟ್ರಾವೆಲರ್ ಅನ್ನಿ, ಅಥವಾ ಹಳ್ಳಿ ಕಡೆಯ ಮ್ಯಾಕ್ಸಿಕ್ಯಾಬ್. ತುಂಬಿದರೆ ಹೊರಡುತ್ತದೆ, ಕಾರ್ಡ್ ನಡೆಯುವುದಿಲ್ಲ, ನಗದು ಡ್ರೈವರ್ ಕೈಗೆ. ಮ್ತ್ಸ್‌ಖೇತಾ, ಕಜ್ಬೇಗಿ, ಕುತೈಸಿ ಕಡೆಗಾದರೆ ದಿದುಬೆ ಮೆಟ್ರೋದಲ್ಲಿ ಇಳಿಯಿರಿ. ಸಿಘ್ನಾಘಿಗೆ ಸಮ್ಗೋರಿ ಮೆಟ್ರೋ, ತೆಲಾವಿಗೆ ಒರ್ತಚಾಲಾ ಬಸ್ ನಿಲ್ದಾಣ. ದಿದುಬೆಯಲ್ಲಿ ಹೊರಗೆ ಬಂದರೆ ಸಂತೆಯ ನಡುವೆ ಗಾಡಿಗಳೋ ಗಾಡಿಗಳ ನಡುವೆ ಸಂತೆಯೋ ತಿಳಿಯುವುದಿಲ್ಲ. ಗಾಜಿನ ಮುಂದಿನ ಹಲಗೆಯಲ್ಲಿ ಊರಿನ ಹೆಸರು ಹೆಚ್ಚಾಗಿ ಅವರ ಲಿಪಿಯಲ್ಲೇ. ಆ ಒಂದು ವಾರ ಕಲಿತದ್ದು ಕೈಹಿಡಿಯುವುದು ಇಲ್ಲೇ. ನಡುವೆ ಇಳಿಯಬೇಕಾದರೆ "ಗಾಚೆರೆತ್!" ಅಂತ ಜೋರಾಗಿ ಕೂಗಿ, ನಿಲ್ಲಿಸಿ ಅಂತ. ಮೆಲ್ಲಗೆ ಹೇಳಿದರೆ ಹಾಡಿನ ಸದ್ದಿನಲ್ಲಿ ಡ್ರೈವರಿಗೆ ಕೇಳಿಸುವುದಿಲ್ಲ, ನಾನು ಹಾಗೆ ಎರಡು ಕಿಲೋಮೀಟರ್ ಹಿಂದಕ್ಕೆ ನಡೆದಿದ್ದೇನೆ.

ಬಟುಮಿಗೆ ಮಾತ್ರ ಮಾರ್ಶ್ರುತ್ಕಾ ಬೇಡ, ರೈಲು ಹಿಡಿಯಿರಿ. ಸ್ಟೇಷನ್ ಚೌಕದಿಂದ ಎರಡಂತಸ್ತಿನ ಗಾಡಿ, ಸುಮಾರು ಐದು ತಾಸು, ಕೊನೆಗೆ ಕಪ್ಪು ಸಮುದ್ರ. ಟಿಕೆಟ್ ಕೌಂಟರ್ ಎಲ್ಲಿ ಅಂತ ಕೆಳಗೆ ಹುಡುಕಬೇಡಿ, ಸ್ಟೇಷನ್ ಕಟ್ಟಡವೇ ಒಂದು ಶಾಪಿಂಗ್ ಮಾಲ್ ಆಗಿದೆ, ಕೌಂಟರ್ ಮೇಲಿನ ಮಹಡಿಯಲ್ಲಿ. ಪಾಸ್‌ಪೋರ್ಟ್ ಜೊತೆಗಿರಲಿ. ಬೇಸಿಗೆ ರಜೆಯಲ್ಲಿ, ಅದರಲ್ಲೂ ಆಗಸ್ಟಿನಲ್ಲಿ, ಹೊರಡುವ ದಿನ ಹೋಗಿ ಕೇಳಿದರೆ ಟಿಕೆಟ್ ಸಿಗುವುದಿಲ್ಲ. ಮೊದಲೇ ಆನ್‌ಲೈನಿನಲ್ಲಿ ತೆಗೆದಿಡಿ, ಸಾಧ್ಯವಾದರೆ ಮೇಲಂತಸ್ತಿನ ಕಿಟಕಿ ಸೀಟು.