ಮಗುವಿನ ತೋಳು ಅಳೆಯುವ ಪಟ್ಟಿ: ನನ್ನ ಅನುಭವ

ನಾನು ಕೊಪ್ಪಳ ಜಿಲ್ಲೆಯ ಒಂದು ಒಣಬೇಸಾಯದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದವಳು; ಈಗ ಅದೇ ತಾಲ್ಲೂಕಿನ ಒಂದು ವಲಯದ ಮೇಲ್ವಿಚಾರಕಿಯಾಗಿದ್ದೇನೆ. ನಮ್ಮ ಕೇಂದ್ರಗಳಲ್ಲಿ ತೂಕದ ಯಂತ್ರವಿದೆ, ಮಗುವನ್ನು ನಿಲ್ಲಿಸಿ ಎತ್ತರ ನೋಡುವ ಸ್ಟೇಡಿಯೋಮೀಟರ್ ಇದೆ, ಎಳೆಗೂಸುಗಳನ್ನು ಮಲಗಿಸಿ ಉದ್ದ ಅಳೆಯುವ ಇನ್‌ಫ್ಯಾಂಟೋಮೀಟರ್ ಇದೆ. ಆದರೆ ಮನೆ ಮನೆಗೆ ಹೋಗುವಾಗ ನನ್ನ ಚೀಲದಲ್ಲಿ ತಪ್ಪದೆ ಇರುವುದು ಮಗುವಿನ ತೋಳಿನ ಸುತ್ತಳತೆ ನೋಡುವ, ಕೆಂಪು, ಹಳದಿ, ಹಸಿರು ಬಣ್ಣಗಳ ಒಂದು ಸಣ್ಣ ಪಟ್ಟಿ. ಇಲಾಖೆಯ ಕಾಗದಪತ್ರಗಳಲ್ಲಿ ಅದಕ್ಕೆ ಮುವಾಕ್ ಟೇಪ್ ಎಂದು ಹೆಸರು. ನಾವು ನಮ್ಮಲ್ಲಿ ತೋಳಿನ ಪಟ್ಟಿ ಎನ್ನುತ್ತೇವೆ. ಆರು ತಿಂಗಳು ತುಂಬಿದ, ಐದು ವರ್ಷ ತುಂಬದ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಒಳಗಿದ್ದರೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. ಅದಕ್ಕೂ ಮೇಲಿದ್ದರೆ ಹಸಿರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಷ್ಟನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತು, ಇನ್ನು ಕಲಿಯುವುದು ಏನೂ ಇಲ್ಲವೆಂದು ನಾನು ಭಾವಿಸಿದ್ದೆ.

ಹಾಗೆ ಭಾವಿಸಿದ್ದ ಕಾಲದಲ್ಲಿಯೇ ಒಂದು ತಪ್ಪು ನಡೆಯಿತು. ಹದಿನಾಲ್ಕು ತಿಂಗಳ ಒಂದು ಹೆಣ್ಣುಮಗು; ಅಪ್ಪ ಅವ್ವ ಇಬ್ಬರೂ ಗುಳೆ ಹೋಗಿ, ಮುಂಗಾರು ಹಿಡಿಯುವ ಹೊತ್ತಿಗೆ ಊರಿಗೆ ಮರಳಿದ್ದರು. ಅವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡೇ ನಿಂತಿದ್ದಳು, ಕೂಸು ಅವಳ ಸೆರಗು ಹಿಡಿದು ಕೈ ಮಡಚಿಕೊಂಡಿತ್ತು, ನಾನು ಅಂಗಿಯ ತೋಳನ್ನು ಅರ್ಧ ಸರಿಸಿ, ಕಣ್ಣಂದಾಜಿನಲ್ಲಿ ಭುಜದ ಹತ್ತಿರ ಪಟ್ಟಿ ಸುತ್ತಿ ನೋಡಿದೆ. 11.8 ಬಂತು. ಹಳದಿ ಎಂದು ಪುಸ್ತಕದಲ್ಲಿ ಬರೆದು, ಮೊಟ್ಟೆ ಮತ್ತು ಹಾಲಿನ ವಿಷಯ ಹೇಳಿ ಮುಂದಿನ ಮನೆಗೆ ಹೋದೆ. “ಕೂಸಿಗೆ ನೆದರಾಗೇತ್ರಿ ಟೀಚರ್, ತೆಗಿಸಿದ್ರ ಸರಿ ಹೋಗತೈತಿ” ಎಂದು ಅವಳೂ ಸಮಾಧಾನದಿಂದಲೇ ಇದ್ದಳು. ಹತ್ತು ದಿನಗಳ ನಂತರ ಭೇದಿ ಹತ್ತಿ ಕೂಸನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಅಳೆದದ್ದು 10.9. ಹತ್ತು ದಿನಗಳ ಭೇದಿಯಲ್ಲಿ ತೋಳು ಸ್ವಲ್ಪ ಇಳಿದಿರಬಹುದು, ಆದರೆ ಒಂಬತ್ತು ಮಿಲಿಮೀಟರ್ ಇಳಿಯಿತೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆ ಮಗು ನಾನು ನೋಡಿದ ದಿನವೇ ಕೆಂಪಿನಲ್ಲಿತ್ತು. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರವಿದ್ದು ಅದು ಚೇತರಿಸಿಕೊಂಡಿತು. ಆದರೂ ಆ ಹತ್ತು ದಿನಗಳನ್ನು ನಾನು ಮರೆತಿಲ್ಲ.

ಅಂದಿನಿಂದ ನಾನು ಅಳೆಯುವ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ತಾಯಿಯನ್ನು ಕೂರಿಸಿ, ಮಗುವನ್ನು ಅವಳ ತೊಡೆಯ ಮೇಲೆ ಕೂರಿಸುತ್ತೇನೆ. ಎಡಗೈಯ ತೋಳನ್ನು ಅಂಗಿಯಿಂದ ಪೂರ್ತಿ ಹೊರಗೆ ತೆಗೆಸುತ್ತೇನೆ. ಮೇಲಕ್ಕೆ ಸುರುಳಿ ಸುತ್ತಿದ ಅಂಗಿ ತೋಳನ್ನು ಹಿಂಡುವುದರಿಂದ ಅರ್ಧ ಸರಿಸುವುದು ಸಾಲದು. ತೋಳಿಗೆ ತಾಯಿತ ಅಥವಾ ಕರಿದಾರ ಕಟ್ಟಿದ್ದರೆ ತಾಯಿಯ ಒಪ್ಪಿಗೆ ಕೇಳಿ, ಅವಳ ಕೈಯಿಂದಲೇ ಮೇಲಕ್ಕೆ ಸರಿಸುತ್ತೇನೆ, ನಾನಾಗಿ ಮುಟ್ಟುವುದಿಲ್ಲ. ಬಳಿಕ ಮೊಳಕೈಯನ್ನು ಮೂಲೆಮಟ್ಟದಂತೆ ಮಡಚಿ, ಭುಜದ ಹೊರತುದಿಯಲ್ಲಿ ಬೆರಳಿಗೆ ಸಿಗುವ ಮೂಳೆಯ ಅಂಚಿನಿಂದ ಮೊಳಕೈಯ ಮೂಳೆಯ ತುದಿಯವರೆಗೆ ತೋಳಿನ ಹಿಂಬದಿಯಲ್ಲಿ ಒಂದು ದಾರ ಹಿಡಿಯುತ್ತೇನೆ. ದಾರವನ್ನು ಎರಡಾಗಿ ಮಡಚಿದರೆ ನಡುವಿನ ಜಾಗ ತಾನಾಗಿ ಸಿಗುತ್ತದೆ. ಅಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತೇನೆ. ಈ ಚುಕ್ಕೆ ಇಡುವವರೆಗೆ ಮಾತ್ರ ಕೈ ಮಡಚಿರಬೇಕು. ಪಟ್ಟಿ ಸುತ್ತುವಾಗ ಕೈ ಸಡಿಲವಾಗಿ ಕೆಳಗೆ ಜೋತು ಬಿದ್ದಿರಬೇಕು, ಏಕೆಂದರೆ ಮಡಚಿದ ಕೈಯಲ್ಲಿ ಸ್ನಾಯು ಉಬ್ಬಿ ಅಳತೆ ಹೆಚ್ಚು ತೋರಿಸುತ್ತದೆ.

ಪಟ್ಟಿಯ ತುದಿಯನ್ನು ಸೀಳಿನೊಳಗೆ ತೂರಿಸಿ ಎಳೆಯುವ ಬಿಗಿಯನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಸಡಿಲವಾದರೆ ಪಟ್ಟಿಗೂ ಚರ್ಮಕ್ಕೂ ನಡುವೆ ಬೆಳಕು ಕಾಣುತ್ತದೆ. ಬಿಗಿಯಾದರೆ ಪಟ್ಟಿಯ ಅಂಚಿನಲ್ಲಿ ಚರ್ಮ ಸುಕ್ಕುಗಟ್ಟಿ ಮೇಲೇಳುತ್ತದೆ. ಸೊರಗಿದ ಮಗುವಿನ ಚರ್ಮ ಸಡಿಲವಾಗಿರುವುದರಿಂದ ಅಲ್ಲಿ ಕೈ ತಪ್ಪುವುದು ಇನ್ನೂ ಸುಲಭ. ನಾನು ಹೊಸ ಕಾರ್ಯಕರ್ತೆಯರಿಗೆ ಹೇಳುವುದು ಇಷ್ಟು: ಪಟ್ಟಿ ಸುತ್ತಲೂ ಚರ್ಮವನ್ನು ಮುಟ್ಟಿರಬೇಕು, ಎಲ್ಲಿಯೂ ಒತ್ತಿರಬಾರದು, ಸುತ್ತಿದ ಮೇಲೆ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನೋಡಬೇಕು, ಚರ್ಮವೂ ಜೊತೆಗೆ ಎಳೆದುಕೊಂಡು ಬಂದರೆ ಬಿಗಿಯಾಗಿದೆ ಎಂದು ಅರ್ಥ. ಬಾಣದ ಗುರುತಿನ ಕಿಟಕಿಯಲ್ಲಿ ಕಾಣುವ ಅಂಕಿಯನ್ನು ಮಿಲಿಮೀಟರ್‌ವರೆಗೆ ಓದಿ, ಗಟ್ಟಿಯಾಗಿ ಹೇಳಿ, ಆಮೇಲೆ ಪಟ್ಟಿ ಬಿಚ್ಚಬೇಕು. ಪಟ್ಟಿ ಬಿಚ್ಚಿದ ಮೇಲೆ ನೆನಪಿನಿಂದ ಬರೆಯುವ ಅಂಕಿ ಸಾಮಾನ್ಯವಾಗಿ ಅರ್ಧಕ್ಕೋ ಪೂರ್ಣಕ್ಕೋ ಸರಿಯಾಗಿ ಕೂತಿರುತ್ತದೆ. ಒಂದು ಕೇಂದ್ರದ ಪುಸ್ತಕದಲ್ಲಿ ಎಲ್ಲ ಮಕ್ಕಳದ್ದೂ 12.5, 13, 13.5, 14 ಎಂದೇ ಇದ್ದರೆ ಅಲ್ಲಿ ಅಂಕಿಗಳನ್ನು ಪಟ್ಟಿ ನೋಡಿ ಬರೆದಿಲ್ಲವೆಂದು ನನಗೆ ತಿಳಿಯುತ್ತದೆ. ಮಿತಿಯ ಅಕ್ಕಪಕ್ಕದಲ್ಲಿ, ಅಂದರೆ 11.3ರಿಂದ 11.7ರವರೆಗೆ ಬಂದ ಯಾವ ಮಗುವನ್ನಾದರೂ ನಾನು ಪಟ್ಟಿ ಬಿಚ್ಚಿ ಎರಡನೆಯ ಬಾರಿ ಅಳೆಯುತ್ತೇನೆ.

ದೇಹದ ಇಷ್ಟೆಲ್ಲ ಭಾಗಗಳಿರುವಾಗ ತೋಳಿನ ನಡುಭಾಗವನ್ನೇ ಏಕೆ ಅಳೆಯಬೇಕು ಎಂದು ತರಬೇತಿಗಳಲ್ಲಿ ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆಯದು. ಅಲ್ಲಿ ಇರುವುದು ಒಂದೇ ಮೂಳೆ, ಅದರ ಸುತ್ತ ಸ್ನಾಯು ಮತ್ತು ಕೊಬ್ಬು. ಆಹಾರ ಸಾಲದಾದಾಗ ದೇಹ ಕರಗಿಸುವುದು ಆ ಎರಡನ್ನೇ. ಒಂದು ವರ್ಷದಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ಎತ್ತರ ತೂಕಗಳು ಎಷ್ಟೇ ಬೆಳೆದರೂ ತೋಳಿನ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಎಳೆಗೂಸಿನ ಕೊಬ್ಬು ಕಡಿಮೆಯಾದ ಜಾಗವನ್ನು ಸ್ನಾಯು ತುಂಬಿಕೊಳ್ಳುತ್ತದೆ. ಆದ್ದರಿಂದಲೇ ಹುಟ್ಟಿದ ತಾರೀಖು ಸರಿಯಾಗಿ ತಿಳಿಯದ ಮಗುವಿಗೂ ಅದೇ ಮಿತಿ ಹೊಂದುತ್ತದೆ.

ಈ ವಿಚಾರ ಹುಟ್ಟಿದ್ದು ಸಂಕಟದ ಕಾಲದಲ್ಲಿ. 1967ರಿಂದ 1970ರವರೆಗೆ ನಡೆದ ನೈಜೀರಿಯಾದ ಅಂತರ್ಯುದ್ಧದಲ್ಲಿ ಹಸಿದ ಮಕ್ಕಳನ್ನು ಬೇಗ ಗುರುತಿಸಲು ಕ್ವೇಕರ್ ಪರಿಹಾರ ತಂಡದವರು ಒಂದು ಕೋಲು ಬಳಸಿದರು; ಕೋಲಿನ ಮೇಲೆ ಎತ್ತರಗಳ ಎದುರು ತೋಳು ಎಷ್ಟಿರಬೇಕೆಂದು ಗುರುತು ಹಾಕಿತ್ತು, ಮಗು ತನ್ನ ತೋಳಿನ ಅಳತೆಯ ಗುರುತಿಗಿಂತ ಎತ್ತರವಿದ್ದರೆ ಸೊರಗಿದೆ ಎಂದು ಲೆಕ್ಕ. 1970ರ ದಶಕದಲ್ಲಿ ಬಾಗ್ದಾದಿನ ವೈದ್ಯ ಅದ್ನಾನ್ ಶಾಕಿರ್ ಮತ್ತು ಮಕ್ಕಳ ಬೆಳವಣಿಗೆ ನಕ್ಷೆಯಿಂದ ಹೆಸರಾದ ಡೇವಿಡ್ ಮೋರ್ಲಿ ಸೇರಿ ಮೂರು ಬಣ್ಣದ ಪಟ್ಟಿಯನ್ನು ಬಳಕೆಗೆ ತಂದರು. ಅದರಲ್ಲಿ ಕೆಂಪು ಹಳದಿಯ ಗಡಿ 12.5, ಹಳದಿ ಹಸಿರಿನ ಗಡಿ 13.5 ಸೆಂ.ಮೀ. ಓದು ಬರಹ ಬಾರದವರೂ ಬಣ್ಣ ನೋಡಿ ಹೇಳಬಹುದೆಂಬುದು ಅದರ ಬಲ. ತೀವ್ರ ಅಪೌಷ್ಟಿಕತೆಗೆ ಮುಂದೆ ಬಳಕೆಯಲ್ಲಿದ್ದ 11 ಸೆಂ.ಮೀ. ಗಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2009ರಲ್ಲಿ 11.5ಕ್ಕೆ ಏರಿಸಿದವು. ಐದು ಮಿಲಿಮೀಟರ್ ಎಂದರೆ ಒಂದು ಜೋಳದ ಕಾಳಿನಷ್ಟು ಅಗಲ. ಅಷ್ಟರೊಳಗೆ ಬರುವ ಮಕ್ಕಳು ನಮ್ಮ ಒಂದೊಂದು ವಲಯದಲ್ಲಿಯೂ ಇದ್ದಾರೆ, ಅವರಿಗೆ ಈಗ ಚಿಕಿತ್ಸೆಯ ಬಾಗಿಲು ತೆರೆದಿದೆ.

ಇನ್ನೊಂದು ತಪ್ಪು ನನ್ನ ಕೈಯದಲ್ಲ, ಪಟ್ಟಿಯದೇ. ಒಂದು ವರ್ಷ ಪಟ್ಟಿಗಳು ಸಾಲದೆ ಬಂದಾಗ ನಾವು ಒಂದು ಒಳ್ಳೆಯ ಪಟ್ಟಿಯನ್ನು ಝೆರಾಕ್ಸ್ ಮಾಡಿಸಿ, ಬಣ್ಣ ಬಳಿದು, ಮೇಲೆ ಅಂಟುಟೇಪು ಹಚ್ಚಿ ಹಂಚಿಕೊಂಡೆವು. ಆ ತಿಂಗಳು ಕೆಂಪಿನ ಮಕ್ಕಳು ಏಕಾಏಕಿ ಕಡಿಮೆಯಾದರು. ಸಭೆಯಲ್ಲಿ ಎಲ್ಲರಿಗೂ ಸಂತೋಷವಾಯಿತು, ನನಗೆ ಅನುಮಾನವಾಯಿತು. ಮನೆಗೆ ಬಂದು ಸ್ಟೀಲ್ ಅಡಿಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಝೆರಾಕ್ಸ್ ಪಟ್ಟಿಯ 10 ಸೆಂ.ಮೀ. ನಿಜವಾಗಿ 9.6 ಸೆಂ.ಮೀ. ಇತ್ತು; ಕಾಗದಕ್ಕೆ ಹೊಂದಿಸಲು ಯಂತ್ರ ಚಿತ್ರವನ್ನು ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿತ್ತು. ಅಂಥ ಪಟ್ಟಿಯಲ್ಲಿ 11.3 ಸೆಂ.ಮೀ. ತೋಳು ಸುಮಾರು 11.8 ಎಂದು ತೋರಿಸುತ್ತದೆ, ಕೆಂಪಿನಲ್ಲಿರಬೇಕಾದ ಮಗು ಹಳದಿಗೆ ಹೋಗಿ ಕೂರುತ್ತದೆ. ಹಂಚಿದ ಪಟ್ಟಿಗಳನ್ನೆಲ್ಲ ಮರಳಿ ಪಡೆದು, ಹಳದಿ ಎಂದು ಬರೆದಿದ್ದ ಪ್ರತಿಯೊಂದು ಮಗುವನ್ನೂ ನಾವು ಮತ್ತೆ ಅಳೆದೆವು.

ಆಗಿನಿಂದ ನಾನು ಒಂದು ಗೇಣುದ್ದದ ಪಿವಿಸಿ ಪೈಪಿನ ತುಂಡನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಹೊರವ್ಯಾಸ 40 ಮಿ.ಮೀ. ಇರುವ ಪೈಪಿನ ಸುತ್ತಳತೆ 12.57 ಸೆಂ.ಮೀ.; ಸರಿಯಾದ ಪಟ್ಟಿಯನ್ನು ಅದಕ್ಕೆ ಸುತ್ತಿದರೆ 12.6ರ ಆಸುಪಾಸಿನಲ್ಲಿ, ಹಳದಿ ಮುಗಿದು ಹಸಿರು ಆರಂಭವಾಗುವ ಗಡಿಯ ಮೇಲೆಯೇ ನಿಲ್ಲಬೇಕು. ಕುಗ್ಗಿದ ಆ ಝೆರಾಕ್ಸ್ ಪಟ್ಟಿ ಇದೇ ಪೈಪಿನ ಮೇಲೆ 13.1 ತೋರಿಸಿತು. ಪೈಪು ಅಳುವುದಿಲ್ಲ, ಕೈ ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಹೊಸಬರಿಗೆ ಪಟ್ಟಿ ಸುತ್ತುವುದನ್ನು ಕಲಿಸಲೂ ಅದು ಚೆನ್ನಾಗಿದೆ. ಹತ್ತು ಮಂದಿ ಸುತ್ತಿ, ಹತ್ತು ಮಂದಿಯೂ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಟ್ಟಾಗ ಯಾರ ಕೈ ಬಿಗಿ, ಯಾರ ಕಣ್ಣು ಓರೆ ಎಂಬುದು ತಿಳಿದುಬಿಡುತ್ತದೆ. ಮೆತ್ತನೆಯ ತೋಳಿನ ಬಿಗಿಯನ್ನು ಮಾತ್ರ ಪೈಪು ಕಲಿಸಲಾರದು. ಅದಕ್ಕೆ ಮಕ್ಕಳೇ ಬೇಕು.

ಪಟ್ಟಿ ಹೇಳದ ಸಂಗತಿಗಳೂ ಇವೆ. ಪೌಷ್ಟಿಕಾಂಶದ ಕೊರತೆಯಿಂದ ಬಾವು ಬಂದ ಮಗುವಿನ ಮೈಯಲ್ಲಿ ನೀರು ತುಂಬಿರುವುದರಿಂದ ತೋಳು ದಪ್ಪವಾಗಿಯೇ ಕಾಣಬಹುದು, ಪಟ್ಟಿ ಹಸಿರು ತೋರಿಸಬಹುದು. ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ಈ ಕಾಯಿಲೆಗೆ ಅಲ್ಲಿನ ಗಾ ಭಾಷೆಯ ಹೆಸರನ್ನೇ ಬಳಸಿ ಕ್ವಾಷಿಯಾರ್ಕರ್ ಎಂದು ಬರೆದರು. ಮುಂದಿನ ಕೂಸು ಹುಟ್ಟಿದಾಗ ಮೊಲೆಹಾಲು ತಪ್ಪಿದ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಆದ್ದರಿಂದ ತೋಳು ನೋಡಿದ ಮೇಲೆ ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ, ಕೈ ತೆಗೆದಾಗ ಗುಳಿ ಉಳಿಯುತ್ತದೆಯೇ ಎಂದು ನೋಡದೆ ನಾನು ಏಳುವುದಿಲ್ಲ. ಎರಡೂ ಪಾದಗಳಲ್ಲಿ ಗುಳಿ ಬಿದ್ದರೆ ಪಟ್ಟಿಯ ಬಣ್ಣ ಯಾವುದೇ ಇರಲಿ, ಆ ಮಗು ಅದೇ ದಿನ ವೈದ್ಯರ ಬಳಿ ಹೋಗಬೇಕು. ಹಾಗೆಯೇ, ಎತ್ತರಕ್ಕೆ ತಕ್ಕ ತೂಕ ನೋಡಿದಾಗ ಸಿಗುವ ಮಕ್ಕಳೂ ಪಟ್ಟಿ ಹಿಡಿದಾಗ ಸಿಗುವ ಮಕ್ಕಳೂ ಯಾವಾಗಲೂ ಒಬ್ಬರೇ ಆಗಿರುವುದಿಲ್ಲ. ಒಂದರಲ್ಲಿ ಚೆನ್ನಾಗಿದೆ ಎಂದು ಇನ್ನೊಂದನ್ನು ಬಿಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಎರಡರಲ್ಲಿ ಯಾವುದು ಕೆಟ್ಟಿದ್ದರೂ ನಾನು ಆ ಮಗುವಿನ ಬೆನ್ನು ಬೀಳುತ್ತೇನೆ.

ಕೆಲವು ವರ್ಷಗಳಿಂದ ನಾನು ಪಟ್ಟಿಯನ್ನು ತಾಯಂದಿರ ಕೈಗೇ ಕೊಡುತ್ತಿದ್ದೇನೆ. ಆಫ್ರಿಕಾದ ನೈಜರ್ ದೇಶದಲ್ಲಿ ತಾಯಂದಿರಿಗೆ ಹೀಗೆ ಕಲಿಸಿ ನೋಡಿದಾಗ ಅವರ ಅಳತೆಗಳು ಆರೋಗ್ಯ ಕಾರ್ಯಕರ್ತರ ಅಳತೆಗಳಿಗೆ ಹೊಂದಿಕೊಂಡವೆಂದು ಓದಿದ್ದೆ. ನಡುಭಾಗವನ್ನು ದಾರ ಹಿಡಿದು ಹುಡುಕದೆ ಕಣ್ಣಳತೆಯಲ್ಲಿ ಗುರುತಿಸಿದರೂ ಅವರಿಗೆ ಬಣ್ಣ ಸರಿಯಾಗಿಯೇ ಸಿಕ್ಕಿತ್ತು. ನನ್ನ ಹಳೆಯ ತಪ್ಪಿನಿಂದಾಗಿ ನಾನು ದಾರದ ಪಾಠವನ್ನು ಬಿಟ್ಟಿಲ್ಲ, ಆದರೆ ತಾಯಿ ವಾರಕ್ಕೊಮ್ಮೆ ನೋಡುವುದು ನಾನು ತಿಂಗಳಿಗೊಮ್ಮೆ ನೋಡುವುದಕ್ಕಿಂತ ಮೇಲೆಂದು ಈಗ ಒಪ್ಪುತ್ತೇನೆ. ಗುಳೆ ಹೋಗುವ ಮನೆಗಳಿಗಂತೂ ಇದು ಬೇಕೇ ಬೇಕು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ತಾಯಂದಿರ ತಾಯಿ ಕಾರ್ಡಿನೊಳಗೆ ಒಂದೊಂದು ಪಟ್ಟಿ ಇಟ್ಟು, ಪ್ರತಿ ಸೋಮವಾರ ಸ್ನಾನ ಮಾಡಿಸುವಾಗ ನೋಡಬೇಕೆಂದು ಹೇಳಿ ಕಳಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಹಾಗೆ ಹೋದ ಒಬ್ಬಳು ರಾತ್ರಿ ಎಂಟರ ಹೊತ್ತಿಗೆ ಫೋನ್ ಮಾಡಿದಳು. “ಟೀಚರ್, ಹೋದ ವಾರ ಹಸಿರಿತ್ರಿ, ಇವತ್ತ ಹಳದ್ಯಾಗ ನಿಂತೈತಿ. ಎರಡ ಸಲ ಸುತ್ತಿ ನೋಡೀನ್ರಿ.” ಕೈ ಜೋತುಬಿಟ್ಟಿತ್ತೇ, ಅಂಗಿ ತೆಗೆದಿದ್ದೆಯಾ ಎಂದು ಕೇಳಿದೆ. ಎರಡಕ್ಕೂ ಹೌದೆಂದಳು. ಪಾದ ಒತ್ತಿ ನೋಡು ಎಂದೆ. ಸ್ವಲ್ಪ ಹೊತ್ತು ಮೌನವಿತ್ತು, ಆಮೇಲೆ ಗುಳಿ ಬೀಳಲಿಲ್ಲವೆಂದು ಹೇಳಿದಳು. ಅವಳ ಶೆಡ್ಡಿನ ಹತ್ತಿರದ ಅಂಗನವಾಡಿ ಎಲ್ಲಿದೆಯೆಂದು ಪಕ್ಕದವರನ್ನು ಕೇಳಿಸಿ, ಬೆಳಿಗ್ಗೆ ಕೂಸನ್ನೂ ತಾಯಿ ಕಾರ್ಡನ್ನೂ ತೆಗೆದುಕೊಂಡು ಅಲ್ಲಿಗೆ ಹೋಗಬೇಕೆಂದೂ ಪಟ್ಟಿಯನ್ನು ಅವರ ಎದುರಿನಲ್ಲಿ ಇನ್ನೊಮ್ಮೆ ಸುತ್ತಿ ತೋರಿಸಬೇಕೆಂದೂ ಹೇಳಿದೆ. “ನಾನ ಸುತ್ತಿ ತೋರಸ್ತೀನ್ರಿ” ಎಂದಳು.