ಚುಕ್ಕಿ ಪುಸ್ತಕ ಬೇಡ ಅಂದಿದ್ದು ಯಾಕೆ

ಮಗು ಅಂಗನವಾಡಿಗೆ ಸೇರಿ ವಾರ ಕಳೆಯುವಷ್ಟರಲ್ಲಿ ಅಮ್ಮಂದಿರ ಪ್ರಶ್ನೆ ಬಂದೇ ಬರುತ್ತದೆ: "ಟೀಚರ್, ಬರೆಸೋದು ಯಾವಾಗ?" ಪಕ್ಕದೂರಿನ ಕಾನ್ವೆಂಟಿನಲ್ಲಿ ಅದೇ ವಯಸ್ಸಿನ ಮಗು ಚುಕ್ಕಿ ಚುಕ್ಕಿ ಅಕ್ಷರದ ಪುಸ್ತಕ ತಿದ್ದಿ ಮುಗಿಸಿರುತ್ತದೆ. ನಮ್ಮವರು ಇನ್ನೂ ಮರಳಲ್ಲಿ ಕೈಯಾಡಿಸುತ್ತಿರುತ್ತಾರೆ. ನಾನಂತೂ ಚುಕ್ಕಿ ಪುಸ್ತಕ ಕೊಡುವುದಿಲ್ಲ. ಚುಕ್ಕಿ ಸೇರಿಸುವ ಮಗುವಿನ ಕಣ್ಣು ಮುಂದಿನ ಚುಕ್ಕಿಯ ಮೇಲಿರುತ್ತದೆ, ಅಕ್ಷರದ ಮೇಲಲ್ಲ. ಪುಟದ ತುಂಬ ಸ ತಿದ್ದಿದ ಮಗುವಿಗೆ ಖಾಲಿ ಸ್ಲೇಟು ಕೊಟ್ಟು "ಸ ಬರಿ ಪುಟ್ಟಾ" ಅಂದರೆ ನಮ್ಮ ಮುಖ ನೋಡುತ್ತದೆ.

ಮೊದಲು ಗುರುತು ಹಿಡಿಯಲಿ, ಕೈ ಆಮೇಲೆ. ಅ ಆ ಇ ಈ ಬಾಯಿಪಾಠ ಮಾಡಿಸುತ್ತೇನೆ, ಆದರೆ ಬರವಣಿಗೆಗೆ ಆ ಸಾಲು ಹಿಡಿಯುವುದಿಲ್ಲ. ಸಾಲಿನ ಪ್ರಕಾರ ಹೋದರೆ ಈ, ಋ ಎಲ್ಲ ಶುರುವಿಗೇ ಎದುರಾಗುತ್ತವೆ; ಮೂರೂವರೆ ವರ್ಷದ ಬೆರಳಿಗೆ ಅದು ಶಿಕ್ಷೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿಯವರು ಹಿಡಿದ ರ ಗ ಸ ದ ಅ ಕ್ರಮವನ್ನೇ ನಾನೂ ಹಿಡಿದಿದ್ದೇನೆ. ಈ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ. ಕಾಗುಣಿತ ಬೇಡ, ಒತ್ತು ಬೇಡ. ಗರಗಸ ಅಂದರೆ ಮಕ್ಕಳಿಗೆ ಪ್ರಾಣ. ಕಾರ್ಡು ಜೋಡಿಸಿ ಮುಗಿಯುವ ಮೊದಲೇ ಯಾರಾದರೊಬ್ಬರು ಕೈಯಲ್ಲಿ ಮರ ಕುಯ್ಯಲು ಶುರುಮಾಡಿರುತ್ತಾರೆ.

ಜೊತೆಗೆ ಅವರವರ ಹೆಸರಿನ ಮೊದಲ ಅಕ್ಷರ. ಚಾಪೆಯ ಮೇಲೆ ಹೆಸರಿನ ಚೀಟಿ ಹರಡಿ, ಹಾಜರಿಗೆ ತಮ್ಮದನ್ನು ತಾವೇ ಹುಡುಕಿ ತರಬೇಕು. ಗಗನ, ರಜತ ಇದ್ದರೆ ನಮಗೆ ಹಬ್ಬ. ಈಗಿನ ಹೆಸರುಗಳೋ, ಧ್ರುವಾಂಶ್, ಶ್ರೀನಿಕಾ! ಒತ್ತಿಲ್ಲದ ಹೆಸರಿಡುವುದನ್ನೇ ಜನ ಬಿಟ್ಟಿದ್ದಾರೆ. ಅಂಥವರಿಗೆ ಮನೆಯಲ್ಲಿ ಕರೆಯುವ ಹೆಸರು ಕೇಳಿ ಬರೆದುಕೊಳ್ಳುತ್ತೇನೆ.

ತಿದ್ದಿಸುವುದಕ್ಕೆ ಮೊದಲು ಮರಳು. ಜರಡಿ ಹಿಡಿದ ಮರಳನ್ನು ಅಂಚಿರುವ ಊಟದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಸ್ವಲ್ಪ ನೀರು ಚಿಮುಕಿಸುತ್ತೇನೆ. ಒಣ ಮರಳಲ್ಲಿ ಎಳೆದ ಗೆರೆ ಕುಸಿದು ಮುಚ್ಚಿಹೋಗುತ್ತದೆ, ಹಸಿಯಲ್ಲಿ ನಿಲ್ಲುತ್ತದೆ. ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿಕೊಂಡು ಬಂದ ಅಜ್ಜಿಯೊಬ್ಬರು "ಅಕ್ಕಿ ಮೇಲೆ ಬರೆಸಬಾರದೇನಮ್ಮ" ಅಂದರು. ಅಂಗನವಾಡಿ ಅಕ್ಕಿಗೆ ಲೆಕ್ಕ ಕೊಡಬೇಕು ಅಜ್ಜಿ, ಅಂದೆ.

ಉಪ್ಪುಕಾಗದದ ಅಕ್ಷರವೂ ಇದೆ. ಮಾಂಟೆಸ್ಸರಿ ಶಾಲೆಗಳಲ್ಲಿ ಕಂಡದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ನಯವಾದ ಹಾಳೆಯನ್ನೇ ಕೇಳಿ ತಂದು, ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ಒರಟಾಗಿದ್ದರೆ ಬೆರಳು ಉರಿಯುತ್ತದೆ, ಮಗು ಮತ್ತೆ ಮುಟ್ಟುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕೈ ಹಿಡಿದಿರುವುದು ಸಿಮೆಂಟಿನ ನೆಲ. ಸೀಮೆಸುಣ್ಣದಲ್ಲಿ ಮಗುವಿನ ಮೊಳದಷ್ಟು ದೊಡ್ಡ ರ ಬರೆದು, ಎಲ್ಲಿಂದ ಶುರು ಅನ್ನುವುದಕ್ಕೆ ಎಡಗಡೆ ಒಂದೇ ಒಂದು ಬಣ್ಣದ ಬೊಟ್ಟು ಇಡುತ್ತೇನೆ. ಮಗು ಒದ್ದೆ ಬಟ್ಟೆಯ ಚೂರು ಹಿಡಿದು ಬೊಟ್ಟಿನಿಂದ ಹೊರಟು ಗೆರೆಯನ್ನು ಒರೆಸುತ್ತ ಹೋಗಬೇಕು. "ಕೆಳಗೆ ಇಳಿ, ಸುತ್ತಿ ಬಾ, ಮೇಲೆ ಹತ್ತು, ತಲೆಕಟ್ಟು ಹಾಕು" ಅಂತ ನಾನು ಹೇಳುತ್ತಿದ್ದರೆ ಉಳಿದವರೂ ಕೂಗುತ್ತಾರೆ. ಒರೆಸಿ ಮುಗಿಸಿದಾಗ ಬಿಳಿ ರ ಹೋಗಿ ನೀರಿನ ರ ಉಳಿದಿರುತ್ತದೆ. ಅದು ಆರುವ ಮೊದಲು ಬೆರಳಲ್ಲಿ ಇನ್ನೊಂದು ಸುತ್ತು. ತಲೆಕಟ್ಟು ಕೊನೆಗೇ ಬರಬೇಕೆಂದು ನಾನು ಹಟ ಹಿಡಿಯುತ್ತೇನೆ. ಎಲ್ಲಿಂದಲೋ ಶುರುಮಾಡಿ ಎಲ್ಲಿಗೋ ಮುಗಿಸುವ ಅಭ್ಯಾಸ ಬಿದ್ದರೆ ಒಂದನೇ ಕ್ಲಾಸಿನ ಮೇಷ್ಟರಿಗೆ ಬಿಡಿಸುವುದು ಕಷ್ಟ.

ಸ್ಲೇಟಿಗೆ ಬಂದಾಗ ಬಳಪ ಮುರಿದು ಕೊಡುತ್ತೇನೆ, ಹೆಬ್ಬೆರಳಿನ ಉಗುರಿನಷ್ಟು. ಉದ್ದ ಬಳಪವನ್ನು ಮಕ್ಕಳು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಚೂರು ಕೊಟ್ಟರೆ ಮುಷ್ಟಿಗೆ ಸಿಕ್ಕುವುದೇ ಇಲ್ಲ, ಮೂರು ಬೆರಳು ತಾವಾಗಿ ಕೂಡುತ್ತವೆ. ಹೇಳಿಕೊಡುವುದೇ ಬೇಡ. ಹುಣಸೆ ಬೀಜ ಆರಿಸಿ ಅಕ್ಷರದ ಗೆರೆಯ ಮೇಲೆ ಜೋಡಿಸುವ ಆಟವೂ ಅದೇ ಬೆರಳುಗಳಿಗೆ. ಆದರೆ ಬೀಜ ಎಣಿಸಿ ಕೊಟ್ಟು ಎಣಿಸಿಯೇ ವಾಪಸು ಪಡೆಯಿರಿ. ಮೂಗಿಗೆ ತುರುಕಿಕೊಳ್ಳುವವರು ಇದ್ದೇ ಇರುತ್ತಾರೆ.

ಸ ಮತ್ತು ನ ಒಂದೇ ವಾರ ಕೊಡಬೇಡಿ, ಸ ಗಟ್ಟಿಯಾದ ಮೇಲೆ ನ ಬರಲಿ. ವ ಮತ್ತು ಮ ಹಾಗಲ್ಲ, ಒಟ್ಟಿಗೇ ಬಂದರೆ ಒಳ್ಳೆಯದು. ವ ಬರೆಯುವವರಿಗೆ ಬಲಗಡೆ ಒಂದು ಕೊಂಡಿ ಎಳೆದು ತೋರಿಸಿದರೆ ಮ ಸಿಕ್ಕಿಬಿಡುತ್ತದೆ. ತಿರುಗುಮುರುಗಾಗಿ ಬರೆದರೆ ನಾನು ತಪ್ಪು ಹಾಕುವುದಿಲ್ಲ. ಈ ವಯಸ್ಸಿನಲ್ಲಿ ಅದು ಸಹಜ. ಪಕ್ಕದಲ್ಲಿ ಸರಿಯಾದದ್ದು ಬರೆದು, ಬೊಟ್ಟಿಟ್ಟು ಸುಮ್ಮನಾಗುತ್ತೇನೆ. ಎಡಗೈ ಮಕ್ಕಳ ವಿಷಯಕ್ಕೆ ಮಾತ್ರ ಮನೆಯವರ ಜೊತೆ ಜಗಳವೇ ಆಗುತ್ತದೆ. ಕೈ ಬದಲಾಯಿಸಬೇಡಿ, ಸ್ಲೇಟನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿ ಕೊಡಿ ಸಾಕು ಅನ್ನುತ್ತೇನೆ. ತಾಯಂದಿರು ಒಪ್ಪುತ್ತಾರೆ, ಅಜ್ಜಿಯರು ಒಪ್ಪುವುದಿಲ್ಲ.

ಹೋಂವರ್ಕ್ ಬೇಕೇ ಬೇಕು ಅನ್ನುವವರಿಗೆ ಒಂದು ಕೆಲಸ ಹೇಳುತ್ತೇನೆ: ಬಸ್ಸಿನ ಬೋರ್ಡು, ಬೇಳೆ ಪೊಟ್ಟಣ, ಅಂಗಡಿ ಹೆಸರು, ಎಲ್ಲಿ ಕಂಡರೂ ಆ ವಾರದ ಅಕ್ಷರ ಹುಡುಕಿಸಿ. ಮಾರನೆಯ ದಿನ ಮಗು ಬಂದು "ಟೀಚರ್, ನಮ್ಮಪ್ಪನ ಗಾಡಿ ಮೇಲೆ ಗ ಐತೆ" ಅಂದರೆ ಆ ಮಗುವಿಗೆ ಗ ತಿದ್ದಿಸಲು ಶುರುಮಾಡುತ್ತೇನೆ.