ಆಫೀಸ್ ಗ್ರೂಪಿಗೆ ಆಧಾರ್ ಫೋಟೋ ಹಾಕೋ ಮುಂಚೆ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಗೋಕುಲ ರೋಡಿನ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಹೊಸ ಹುಡುಗನೊಬ್ಬ ಪಿಎಫ್ ಕೆಲಸಕ್ಕೆಂದು ಆಧಾರ್, ಕ್ಯಾನ್ಸಲ್ ಚೆಕ್ ಎರಡನ್ನೂ ವಾಟ್ಸಾಪ್ ಗ್ರೂಪಿಗೇ ಹಾಕಿಬಿಟ್ಟ. ಖಾತೆ ನಂಬರ್ ಎದ್ದು ಕಾಣುತ್ತಿತ್ತು. ಗ್ರೂಪಿನಲ್ಲಿ 43 ಜನ, ಕೆಲಸ ಬಿಟ್ಟು ಹೋದವರೂ ಇದ್ದರು! ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲರ ಫೋನಿನಿಂದಲೂ ಅಳಿಸುವ 'ಡಿಲೀಟ್ ಫಾರ್ ಎವ್ರಿವನ್' ಮೆಸೇಜು ಹಾಕಿದ ಮೇಲೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನವರೆಗೆ ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಮುಗೀತು. ಅದಕ್ಕೇ ಇಂಥ ಕಾಗದ ಗ್ರೂಪಿಗೆ ಬೇಡವೇ ಬೇಡ. ಕೇಳಿದವರೊಬ್ಬರಿಗೇ ಕೊಡಿ. ಮಾಸ್ಕ್ಡ್ ಆಧಾರ್ ನಡೆಯುತ್ತಾ ಅಂತ ಮೊದಲು ಕೇಳಿ. ಅದು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟಿನಲ್ಲಿ ಸಿಗುತ್ತದೆ, 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ.

ಇನ್ನೊಂದು. ಸಂಜೆ ಚಿಗರಿ ಬಸ್ ಹಿಡಿಯುವ ಅವಸರದಲ್ಲಿ ಆಫೀಸ್ ಕಂಪ್ಯೂಟರಿನಲ್ಲಿ ವಾಟ್ಸಾಪ್ ಹಾಗೇ ಬಿಟ್ಟು ಬರುತ್ತೇವೆ, ಅಲ್ವಾ? ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ನೋಡಿ. ಬೇಡದ್ದು ಕಂಡರೆ ಅದರ ಮೇಲೆ ಒತ್ತಿ ಲಾಗೌಟ್ ಮಾಡಿ. ಬಸ್ಸಿನಲ್ಲಿ ಕುಳಿತೇ ಮಾಡಬಹುದು.

ಗ್ರೂಪ್ ಅಡ್ಮಿನ್‌ಗಳು ಕೆಲಸ ಬಿಟ್ಟವರನ್ನು ಅದೇ ದಿನ ತೆಗೆಯಿರಿ. ಹಳೆಯ ಮೆಸೇಜು ಅವರ ಫೋನಿನಲ್ಲಿ ಉಳಿಯುತ್ತದೆ, ಆದರೆ ಹೊಸದು ಹೋಗುವುದಿಲ್ಲ.